ಅಪ್ಪನ ದನಿಯಲ್ಲಿ ಸಿಕ್ಕ ಒಪ್ಪಿಗೆ

ಶೀಲಕ್ಕಾ,

ಬಾಯಿ ಕೆಸರಾದರೆ ಕೈಗೆ ಮೊಸರು! ಮಿಮಿಕ್ರಿ ಮಾಡುವವನ ಗಾದೆ ಹೀಗೇ ಇರುತ್ತದೆ. ನೀನು ಪಾಠ ಹೇಳಲು ಶಾಲೆಗೆ ಹೋದ ಮೇಲೆ ನಡೆದ ಖರೇ ಕಥೆ ಕೇಳು.

ಹಾನಗಲ್ಲಿನ ನಾಟಕ ಕಂಪನಿಯವರು ಇವತ್ತೇ ಬಾ ಎಂದು ಫೋನ್ ಮಾಡಿದರು. "ಡಿಗ್ರಿ ಮುಗಿಸಿ ಬಣ್ಣ ಹಚ್ಕೊಂತೀಯೇನಲೇ?" ಎಂದ ಅಪ್ಪ ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ಕುಳಿತರು. ಅಡುಗೆಮನೆಯಿಂದ ಅವ್ವ, "ಏನ್ರಿ, ಹುಡುಗ ಹೋಗ್ಲೇನ್ರಿ?" ಎಂದಳು. ಅಪ್ಪ ಉಗುಳುವಂತಿಲ್ಲ, ನುಂಗುವಂತಿಲ್ಲ. ನಾನೇ ಗದ್ದ ಮೇಲೆತ್ತಿ, ಅವರ ದನಿಯಲ್ಲಿ, "ಹೂಂ, ಹೋಗ್ಲಿ ಬಿಡ. ಅದರಾಗ ಅವನ ಜೀವ ಐತಿ" ಎಂದೆ. ಅವ್ವ ರೊಟ್ಟಿ ಕಟ್ಟಿಕೊಂಡೇ ಬಂದಳು! ಅಪ್ಪನ ಬಾಯಿಂದ ನಗು, ರಸ ಎರಡೂ ಒಟ್ಟಿಗೇ ಹಾರಿದವು. "ಮಗನ, ನನ್ನ ಮನಸಿನ್ಯಾಗಿನ ಮಾತು ನನಗಿಂತ ಮೊದ್ಲ ಆಡಿಬಿಟ್ಟೆಲ್ಲೋ!"

ಅವರ ಅಂಗಿ ಬಕೆಟ್ಟಿನಲ್ಲಿ ನೆನೆಸಿದ್ದೇನೆ, ಸ್ವಲ್ಪ ಉಜ್ಜು. ಆ ಕಲೆ ಹೋದೀತು. ನನಗೆ ಹತ್ತಿದ ಕಲೆ ಹೋಗುವುದಿಲ್ಲ, ಹೋಗುವುದೂ ಬೇಡ.

ಡಬ್ಬಿಯ ಖಾರದಲ್ಲಿ ಅರ್ಧ ನಿನಗೆ. ಇನ್ನರ್ಧ ನನ್ನ ಚೀಲದಲ್ಲಿದೆ, ಹುಡುಕಬೇಡ.

ಅಪ್ಪನೇ ಬಸ್‌ಸ್ಟ್ಯಾಂಡಿಗೆ ಬಿಡುತ್ತಾರಂತೆ. ಹೊರಗೆ ಗಾಡಿ ಚಾಲೂ ಮಾಡಿದ್ದಾರೆ. ಗಾಡಿಯ ಸದ್ದಿಗಿಂತ ಅವರ ನಗುವೇ ಜೋರು.

ಲೋಹಿತ