ರಾಜ್ಯಶಾಸ್ತ್ರಕ್ಕೆ ಮಾವನ ಸಹಿ

೧೮ ಜೂನ್ ೧೯೫೩, ಗುರುವಾರ. ಕಾಸರಗೋಡು.

ಮೂರು ವಾರದಿಂದ ತಲೆ ತಿನ್ನುತ್ತಿದ್ದ ವಿಷಯ ಇವತ್ತು ತೀರ್ಮಾನವಾಯಿತು. ಬಿ.ಎ.ಗೆ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ. ಬರೆಯುವಾಗಲೂ ನಗು ಬರುತ್ತಿದೆ.

ಚೆನ್ನಪ್ಪ ಮಾವ ನನ್ನೊಡನೆ ಮಂಗಳೂರಿನ ಕಾಲೇಜಿಗೆ ಬಂದದ್ದು ಇತಿಹಾಸ ಕೊಡಿಸಲಿಕ್ಕೆ. ಅದಾದರೆ ಟೀಚರ್ ಕೆಲಸ ಖಂಡಿತವೆಂದು ರೈಲಿನುದ್ದಕ್ಕೂ ಹೇಳಿದರು. ನನ್ನ ಪೋಷಕರು ಅವರೇ; ಅವರ ಸಹಿ ಇಲ್ಲದೆ ಅರ್ಜಿ ನಡೆಯದು. ಇವತ್ತೇ ಕೊನೆಯ ದಿನ.

ವಿಷಯ ಆರಿಸಲು ಸಲಹೆ ಕೊಡುವವರು ಲೆಕ್ಚರರ್ ಪುರುಷೋತ್ತಮ ಬಲ್ಲಾಳರು. ಅವರು ನನ್ನ ಮಾರ್ಕು ನೋಡಲೇ ಇಲ್ಲ. "ನಿಮಗೆ ಎಂತ ತಿಳಿಯಬೇಕು ಅಂತ ಆಸೆ ಉಂಟು?" ಎಂದು ಕೇಳಿದರು.

ಹೆದರುತ್ತಲೇ ಹೇಳಿದೆ. "ಮುಳ್ಳೇರಿಯದಲ್ಲಿ ಹೆರಿಗೆ ಕಷ್ಟ ಆದರೆ ಎತ್ತಿನ ಗಾಡಿಯಲ್ಲಿ ಕಾಸರಗೋಡಿಗೆ ಬರಬೇಕು ಸರ್. ಆಸ್ಪತ್ರೆ ಎಲ್ಲಿ ಆಗಬೇಕು ಅಂತ ತೀರ್ಮಾನ ಮಾಡುವುದು ಯಾರು?"

ಅವರು ಕಾಗದ ತೆಗೆದು ಅರ್ಥಶಾಸ್ತ್ರ, ರಾಜ್ಯಶಾಸ್ತ್ರದಲ್ಲಿ ಎರಡು ವರ್ಷಕ್ಕೆ ಏನೇನು ಓದಬೇಕೆಂದು ಬರೆದರು. ಕೊನೆಯಲ್ಲಿ ಸಾರ್ವಜನಿಕ ಆಡಳಿತ, ಅದರ ಕೆಳಗೆ ಎರಡು ಗೆರೆ.

ಮಾವ ಆ ಕಾಗದವನ್ನು ಕೈಗೆತ್ತಿಕೊಂಡರು. ಅತ್ತೆ ತೀರಿಕೊಂಡದ್ದು ಅಂಥದೇ ಗಾಡಿಯಲ್ಲಿ.

"ಇದನ್ನು ಓದಿದರೆ ತೀರ್ಮಾನ ಮಾಡುವವರು ಯಾರು ಅಂತ ಇವಳಿಗೆ ಗೊತ್ತಾಗ್ತದಾ?"

"ಗೊತ್ತಾಗ್ತದೆ. ಅವರನ್ನು ಕೇಳುವುದು ಹೇಗೆ ಅಂತಲೂ ಗೊತ್ತಾಗ್ತದೆ."

ಮಾವ ಪೆನ್ನು ಕೇಳಿ ಸಹಿ ಹಾಕಿದರು.

ಬರುವಾಗ ರೈಲಿನಲ್ಲಿ ಎದುರಿಗಿದ್ದ ಮುದುಕರೊಬ್ಬರು, "ಇದನ್ನು ಓದಿ ಹುಡುಗಿ ಎಂತ ಆಗ್ತಾಳೆ ಮಾರಾಯ್ರೇ?" ಎಂದರು.

"ಅದು ನನಗೂ ಗೊತ್ತಿಲ್ಲ," ಎಂದರು ಮಾವ. "ಆದರೆ ಇನ್ನು ತಾಲೂಕು ಕಚೇರಿಯವರು ಸ್ವಲ್ಪ ಜಾಗ್ರತೆಯಲ್ಲಿರಬೇಕು."

ಹೇಳಿ ತಾವೇ ಜೋರಾಗಿ ನಕ್ಕರು. ಅತ್ತೆ ಹೋದ ಮೇಲೆ ಮಾವ ಹಾಗೆ ನಕ್ಕದ್ದನ್ನು ನಾನು ನೋಡಿರಲೇ ಇಲ್ಲ.