ಕಾಡಿನ ಆಶ್ರಮದ ಕೆತ್ತನೆ ಕಲ್ಲು

ತಮ್ಮಾ,

ನಿನ್ನ ಮೇಸ್ತ್ರಿ ಅಕ್ಕ ಕ್ಷೇಮ. ಜಿಗಣೆಗಳು ಕಚ್ಚಿವೆ, ಮಂಡಿ ಮಾತ್ರ ಗಟ್ಟಿಯಾಗಿದೆ. ಇವತ್ತು ಗೈಡ್ ಜೊತೆ ಕಾಡಿನ ಗುಡ್ಡ ಹತ್ತಿ, ಬೌದ್ಧ ಭಿಕ್ಷುಗಳ ಪುರಾತನ ಆಶ್ರಮ ನೋಡಿದೆ. ಧ್ಯಾನದ ಕಟ್ಟೆ, ಮಲಗುವ ಕೋಣೆ, ಎಲ್ಲವೂ ಬೋಳು ಕಲ್ಲು. ಒಂದೇ ಒಂದು ಚಪ್ಪಡಿಯ ಮೇಲೆ ಮಾತ್ರ ಕಂಬ, ಕಮಾನು, ಬಳ್ಳಿ. ಅರಮನೆಯೇ ಅರಳಿ ನಿಂತಿದೆ! ಉಳಿಯ ಗುರುತೂ ಕಾಣದ ಆ ಕೆಲಸ ಕಂಡು ಚಪ್ಪಲಿ ಬಿಟ್ಟು ಕೈಮುಗಿದೆ.

ಗೈಡ್ ನಕ್ಕುಬಿಟ್ಟ. "ಅಮ್ಮಾ, ಅದು ಉಚ್ಚೆ ಹೊಯ್ಯೋ ಕಲ್ಲು. ಅರಮನೆ ಆಡಂಬರಕ್ಕೆ ಆ ಭಿಕ್ಷುಗಳು ಕೊಟ್ಟ ಮರ್ಯಾದೆ ಅಷ್ಟೇ!"

ಬಸ್ಸಿನವನು ಹಾರನ್ ಹೊಡೆಯುತ್ತಿದ್ದಾನೆ, ಒಂದೇ ಮಾತು. ಹೊಸ ಮನೆಯ ಹೆಬ್ಬಾಗಿಲಿಗೆಂದು, ಊರೆಲ್ಲ ಬಾಯಿಬಿಟ್ಟು ನೋಡಲೆಂದು, ನವಿಲಿನ ಕಲ್ಲು ಕೆತ್ತಿಸಿದ್ದೀಯಲ್ಲ, ನಾನು ಬರುವತನಕ ಅದನ್ನು ಯಾರೂ ಕೂರಿಸಬಾರದು. ಅದಕ್ಕೆ ತಕ್ಕ ಜಾಗ ನನಗೆ ಗೊತ್ತಾಗಿದೆ.

ನಿನ್ನ ಅಕ್ಕ