ಇಳೀಲಾರದ ಸ್ಟಾಪುಗಳು

ಜೂನ್ 3, ಮಂಗಳವಾರ

ಇವತ್ತೂ ನಸುಕಿನ್ಯಾಗ ಎದ್ನಿ. ದಾಡಿ. ಜಳಕ. ಖಾಕಿ ಅಂಗಿ ತೋಳಿನ್ಯಾಗ ಕೈ ಹಾಕಿದ ಮ್ಯಾಲೆ ನೆನಪಾತು — ಡ್ಯೂಟಿ ಇಲ್ಲ. ಡ್ರೈವರ್ ಗಾಳೆಪ್ಪ ರಿಟೈರ್ ಆಗ್ಯಾನ. ಯಾರ ಮ್ಯಾಲೆ ಸಿಟ್ಟ ಮಾಡೂದು ತಿಳೀಲಿಲ್ಲ. ಅಂಗಿ ಮ್ಯಾಲೇ ಮಾಡಿದ್ನಿ. ಮೂಲ್ಯಾಗ ಒಗದ್ನಿ. ಈಕಿ, ನನ್ನ ಹೇಣ್ತಿ ಲಗಮವ್ವ, ಎತ್ತಿ ಗೂಟಕ್ಕ ಹಾಕಿದ್ಲು. ಅದಕ್ಕೂ ಸಿಟ್ಟ ಬಂತು.

ಶನಿವಾರ ಡಿಪೋದಾಗ ಸೆಂಡಾಫ್ ಮಾಡಿದ್ರು. ಶಾಲು, ಹಾರ. ಭಾಷಣಾ ಮಾಡಿದ ಸಾಹೇಬ ನನ್ನ ಹೆಸರು ಕಾಶಪ್ಪ ಅಂದ. ಹಿಂದಿನಿಂದ ನನ್ನ ಕಂಡಕ್ಟರ್ ಶಾಬ್ಯಾ, ಶಾಬುದ್ದೀನ, "ಗಾಳೆಪ್ಪ ರೀ!" ಅಂತ ಒದರಿದ. ಸಾಹೇಬ "ಹಾಂ, ಅವರ" ಅಂದ. ಹಾಂ ಅವರ! ಇಷ್ಟ ವರ್ಷ ದುಡದದ್ದಕ್ಕ.

ಇರ್ಲಿ. ಶಾಬ್ಯಾಂದೂ ಈ ತಿಂಗಳ ಕೊನಿಗೆ ಮುಗೀತೈತಿ. ಆಮ್ಯಾಲೆ ನಮ್ಮ ಪ್ಲಾನ್ ಚಾಲೂ. ಇಳಕಲ್ಲ–ಬಾದಾಮಿ ರೂಟಿನ್ಯಾಗ ನಾ ಡ್ರೈವರ್, ಅಂವ ಕಂಡಕ್ಟರ್, ಹದಿನೆಂಟ ವರ್ಷ ಜೋಡಿ. ನಡುವ ಎಷ್ಟೋ ಸ್ಟಾಪ್. ಒಂದರಾಗೂ ನಾ ಇಳದಿಲ್ಲ. ಬ್ರೇಕ್, ಸೀಟಿ, ಗೇರ್, ಮುಂದ. ಎಲ್ಲೆಲ್ಲಿಂದೋ ಮಂದಿ ವಿಮಾನಾ ಹತ್ತಿ ಪಟ್ಟದಕಲ್ಲಿನ ಗುಡಿ ನೋಡಾಕ ಬರ್ತಾರ. ನಾ ದಿನಾ ಬಾಜೂಕ ಹಾದು ಹೋದಾಂವ, ಒಳಗ ಕಾಲಿಟ್ಟಿಲ್ಲ. ಜುಲೈ ಒಂದರಿಂದ ಇಬ್ಬರೂ ಪ್ಯಾಸೆಂಜರ್. ದಿನಕ್ಕೊಂದ ಸ್ಟಾಪ್. ಇಳೀಬೇಕು, ಅಡ್ಡಾಡಬೇಕು, ಅಲ್ಲೇ ಉಣಬೇಕು, ಸಂಜಿಗೆ ಮನಿ. ಹತ್ತ ವರ್ಷದಿಂದ ಊಟಕ್ಕ ಕುಂತಾಗೆಲ್ಲಾ ಇದ ಮಾತು.

ಇನ್ನ ಒಂದ ತಿಂಗಳ... ಹ್ಯಾಂಗರ ದಾಟಸಬೇಕು.

ಜೂನ್ 8, ರವಿವಾರ

ನವನಗರದಿಂದ ಮಗಳು, ಅಳಿಯಾ ಬಂದಿದ್ರು. ಅಳಿಯಾ ದೀಪಕ ಚೊಲೋತ್ನಂಗ ಉಂಡ. ಕೈ ತೊಳಕೊಂಡ ಬಂದು ಅಂದ —

"ಮಾಮಾರ, ಒಂದ ಕಾರ್ ತಗೋಳಾಕತ್ತೇನ್ರಿ. ಟೂರಿಸ್ಟ್ ಮಂದೀಗೆ ಬಾದಾಮಿ, ಪಟ್ಟದಕಲ್ಲು, ಐಹೊಳಿ ತೋರ್ಸಾಕ. ಡ್ರೈವರ್ ಹುಡುಕೂದ ಏನೈತಿ, ಮನ್ಯಾಗ ನೀವ ಅದೀರಲ್ಲ."

"ನಾ ನೌಕರಿ ಹುಡುಕ್ರಿ ಅಂದಿದ್ನೇನ್ರಿ?"

"ಹಂಗಲ್ರಿ... ನಿಮಗೂ ಟೈಂಪಾಸ್ ಆಗ್ತೈತಿ ಅಂತ."

ಟೈಂಪಾಸ್! ನನ್ನ ಟೈಮು ಪಾಸ್ ಮಾಡಾಕ ಇಂವ ಯಾಂವ? ಎದುರಿಗೆ "ವಿಚಾರ ಮಾಡೋಣ್ರಿ" ಅಂದ್ನಿ. ಅಳಿಯಾ — ಏನ್ ಮಾಡೂದು. ಇಲ್ಲಿ ಬರದಿಡ್ತೇನಿ. ಲೇ ದೀಪ್ಯಾ, ಆಗಂಗಿಲ್ಲ.

ಅವ್ರು ಹೋದ ಮ್ಯಾಲೆ ಈಕಿ ಚಾಲೂ ಮಾಡಿದ್ಲು. "ಹೂಂ ಅನ್ನಬಾರದಿತ್ತೇನ್ರಿ? ದಿನಾ ಅಡಗಿ ಮನ್ಯಾಗ ಬಂದು ಡಬ್ಬಿ ಮುಚ್ಚಳಾ ಹುಡುಕ್ಕೋತ ಕುಂದ್ರತೀರಿ." ಹುಡುಕಿಲ್ಲ. ಯಾವ ಡಬ್ಬಿಗೆ ಯಾವ ಮುಚ್ಚಳಾ ಅಂತ ಕೂಡಿಸಿಟ್ಟೇನಿ. ಲಗಮವ್ವಗ ಏನ್ ಗೊತ್ತು! ಆಕಿಗೆ ಸಂಘ ಐತಿ, ಮೀಟಿಂಗ್ ಐತಿ, ಓಣಿ ತುಂಬ ಗೆಳತ್ಯಾರು. ನನಗ ಶಾಬ್ಯಾ ಒಬ್ಬ.

ಜೂನ್ 30, ಸೋಮವಾರ

ಶಾಬ್ಯಾನ ಸೆಂಡಾಫ್. ಅವನ ಹೆಸರು ಸರಿಯಾಗಿ ಅಂದ್ರು. ನಾಕ ಮಂದಿ ಅತ್ರು ಸೈತ. ನನ್ನ ಸೆಂಡಾಫಿಗೆ ಯಾರೂ ಅಳಲಿಲ್ಲ. ಇರ್ಲಿ.

ಹಾರ ಹಾಕಿ ಕಿವ್ಯಾಗ ಹೇಳಿದ್ನಿ — "ನಾಳೆ ಏಳೂವರಿ ಬಸ್ಸಲೇ. ನೀ ಇಳಕಲ್ಲಿನ್ಯಾಗ ಹತ್ತು, ನಾ ನಮ್ಮ ಹುನಗುಂದ ಸ್ಟ್ಯಾಂಡಿನ್ಯಾಗ ನಿಂತಿರ್ತೇನಿ. ಅಮೀನಗಡದಿಂದ ಚಾಲೂ ಮಾಡೂಣು."

"ಹೂಂ" ಅಂದ. ಮಾರಿ ಸಣ್ಣದಾಗಿತ್ತು. ದಣದಾನ ಅನಕೊಂಡ್ನಿ.

ಜುಲೈ 1, ಮಂಗಳವಾರ

ಏಳೂವರಿ ಬಸ್ ಬಂತು. ಅಂವ ಇಲ್ಲ. ಮುಂದಿನ ಬಸ್. ಇಲ್ಲ. ಅದರ ಮುಂದಿಂದು. ಫೋನ್ ಎತ್ತವಲ್ಲ.

ಈಕಿ ಇಬ್ಬರಿಗೂ ಕಟ್ಟಿದ್ಲು — ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಸ್ಟ್ಯಾಂಡಿನ ಕಲ್ಲಬೆಂಚಿನ ಮ್ಯಾಲೆ ಕುಂತು ಇಬ್ಬರದೂ ಒಬ್ಬನ ಉಂಡ್ನಿ. ಈಗ ಹೊಟ್ಟಿ ನೋಯಾಕತ್ತೈತಿ.

ಏನರ ಆಗಿರಬೇಕು ಅವಂಗ. ಆಗಿರಲಿಲ್ಲಂದ್ರ ಬಿಡಂಗಿಲ್ಲ.

ಜುಲೈ 4, ಶುಕ್ರವಾರ. ಸಂಜಿ

ಏನೂ ಆಗಿಲ್ಲ ಅವಂಗ!

ಇಳಕಲ್ಲಿಗೆ ಹೋದ್ನಿ. ಬಸ್ ಇಳದು ರಸ್ತೆ ದಾಟಾಕತ್ತಿದ್ನಿ. ಎದುರಿಗೆ ಒಂದ ಪ್ರೈವೇಟ್ ಸಾಲಿ ಬಸ್ಸು, ಹಳದೀದು. ಬಾಗಲದಾಗ ಶಾಬ್ಯಾ ನಿಂತಾನ. ಬಾಯಾಗ ಸೀಟಿ. ಹೆಗಲಿಗೆ ಯಾವದೋ ಕೂಸಿನ ಪಾಟೀಚೀಲ. ನನ್ನ ನೋಡಿದ. ಸೀಟಿ ಬಾಯಿಂದ ಬಿತ್ತು.

ಸೀದಾ ಅವನ ಮನಿಗೆ ಹೋಗಿ ಕುಂತ್ನಿ. ಅವನ ಹೇಣ್ತಿ ಶಮಶಾದಬಿ ಭಾಭಿ ಚಹಾ ಮಾಡಿದ್ರು, ಏನೂ ಕೇಳಲಿಲ್ಲ. ಗೊತ್ತಿತ್ತು ಅನಸ್ತೈತಿ. ಸಾಲಿ ಬಿಟ್ಟ ಮ್ಯಾಲೆ ಬಂದ.

"ಲೇ ಶಾಬ್ಯಾ, ಸೀಟಿ ಬಿಟ್ಟು ಒಂದ ದಿನಾ ಇರಾಕ ಆಗ್ಲಿಲ್ಲೇನ?"

"ಆಗ್ಲಿಲ್ಲ."

"ಮನ್ಯಾಗ ಏನರ ಅಡಚಣಿ?"

"ಇಲ್ಲ. ನನ್ನ ಖುಷಿಗೆ ಹೊಂಟೇನಿ."

"ಹಂಗಾರ ನಮ್ಮ ಪ್ಲಾನು?"

ಚಹಾ ಬಶಿಗೆ ಸುರಕೊಂಡ. ಆಮ್ಯಾಲೆ ಅಂದ — "ಅದು ನಿನ್ನ ಪ್ಲಾನಲೇ ಗಾಳ್ಯಾ. ನೀ ಹೇಳ್ತಿದ್ದಿ. ನಾ ಹೂಂ ಅಂತಿದ್ನಿ."

"ಹತ್ತ ವರ್ಷ?"

"ಎಷ್ಟ ಖುಷೀಲೆ ಹೇಳ್ತಿದ್ದಿ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಸ್ಟಾಪ್ ನೋಡೂದು ನಿನಗಿತ್ತಲೇ. ನೀ ಸೀಟ್ ಬಿಟ್ಟ ಇಳದಾಂವಲ್ಲ. ನಾ ಎಲ್ಲಾ ಕಡೆ ಇಳದೇನಿ. ಮುದುಕೇರ ಗಂಟ ಇಳಿಸೇನಿ, ಮದವಿಗೆ ಹೋಗೇನಿ, ಮಣ್ಣಿಗೆ ಹೋಗೇನಿ. ನೋಡೂದು ಏನೂ ಉಳದಿಲ್ಲ ನನಗ. ಮಂದಿ ಬೇಕು. ಸಪ್ಪಳಿಲ್ಲಂದ್ರ ಕಿವಿ ಗುಂಯ್ ಅಂತಾವು."

ಚಹಾ ಅರ್ಧಕ್ಕ ಬಿಟ್ಟ ಎದ್ನಿ. ಭಾಭಿ "ಅಣ್ಣಾರ, ಉಂಡ ಹೋಗ್ರಿ" ಅಂದ್ರು. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕ್ಕೊಂಡು ಓಣಿ ಕೊನೀತನಕ ಬಂದ್ನಿ, ಗೊತ್ತಾಗ್ಲಿಲ್ಲ.

ಹೂಂ ಅಂತಿದ್ದನಂತ. ನನಗ ಪಾಪ ಅಂತ ಹೂಂ ಅಂತಿದ್ದನಂತ.

ಜುಲೈ 5, ಶನಿವಾರ

ಅವನ ನಂಬರ್ ಡಿಲೀಟ್ ಮಾಡಿದ್ನಿ. ಬಾಯಿಪಾಠ ಐತಿ. ಏನ್ ಮಾಡೂದು.

ಜುಲೈ 16, ಬುಧವಾರ

ಇಷ್ಟ ದಿನಾ ಬರೀಲಿಲ್ಲ. ಬರದಿದ್ರ ಬೈಗುಳ ಅಷ್ಟ ಇರ್ತಿದ್ವು.

ಇವತ್ತ ಒಬ್ಬನ ಹೋದ್ನಿ. ಯಾರ ಗೊಡವೀನೂ ಬ್ಯಾಡ. ಪಟ್ಟದಕಲ್ಲಿಗೆ ಟಿಕೀಟ್ ತಗೊಂಡಿದ್ನಿ. ಬಾಜೂಕ ಕುಂತಾಂವ ಮೊಬೈಲಿನ್ಯಾಗ ಹಾಡ ಜೋರ ಹಚ್ಚಿದ್ದ. ಸಣ್ಣದ ಮಾಡು ಅಂದ್ನಿ. "ನಿನ್ನ ಬಸ್ಸೇನು?" ಅಂದ. ಆ ಮಾತು ಎಲ್ಲಿ ನಟ್ಟಿತೋ! ಐಹೊಳಿ ದಾಟಿದ ಮ್ಯಾಲೆ ಬೇವಿನಗಿಡದ ಕ್ರಾಸಿನ್ಯಾಗ ನಿಂದ್ರಸ್ರಿ ಅಂದು ಇಳದಬಿಟ್ನಿ. ಅಲ್ಲಿ ನಾಕೈದು ಕಾಲೇಜ್ ಹುಡಿಗ್ಯಾರು ನಿಂತಿದ್ರು. ಓಡಿ ಬಂದು ಹತ್ತಿದ್ರು, ನನಗ ಥ್ಯಾಂಕ್ಸ್ ಅನಕೋತ. ಯಾಕ ಅಂತ ತಿಳೀಲಿಲ್ಲ.

ಗಿಡದ ಬುಡಕ ಒಂದ ಚಹಾದಂಗಡಿ. ಅಂಗಡ್ಯಾಂವ ಅಮಸಿದ್ದಪ್ಪ. ಅಂವ ಹೇಳಿದ — "ನೀವ ಇಳದ್ರಂತ ನಿಂತತ್ರಿ ಬಸ್ಸು. ಇಲ್ಲಂದ್ರ ಮುಂಜಾನೀದು ಇಲ್ಲಿ ನಿಂದ್ರಂಗಿಲ್ಲ. ಹುಡಿಗ್ಯಾರು ಪಟ್ಟದಕಲ್ಲಿನ ತನಕ ನಡಕೋತ ಹೋಗಿ ಅಲ್ಲಿ ಬ್ಯಾರೆ ಬಸ್ ಹತ್ತಬೇಕು."

"ಈ ರೂಟಿನ ಡ್ರೈವರ್ ನಾ" ಅಂದ್ನಿ. "ಹದಿನೆಂಟ ವರ್ಷ."

ನೋಡಿದ. ಇನ್ನಷ್ಟ ನೋಡಿದ. "ಮಾರಿ ಗುರುತ ಹತ್ತವಲ್ದು ನೋಡ್ರಿ. ಶಾಬುದ್ದೀನ ಕಂಡಕ್ಟರನ ಬಸ್ಸೇನು?"

ನನ್ನ ಬಸ್ಸಲೇ! ನಾ ಹೊಡದದ್ದು! ಅನಲಿಲ್ಲ. "ಹೌದು" ಅಂದ್ನಿ.

"ಹ್ಯಾಂಗದಾನ್ರಿ ಅಂವ? ನಮ್ಮವ್ವ ತೀರಿದಾಗ ಡ್ಯೂಟಿ ಮುಗಿಸಿ ಬಂದಿದ್ದ." ಕಟ್ಟಿಗೆ ಹೊರಿ ಇಳಿಸಿ ಕುಂತ ಮುದುಕಿನೂ ಕೇಳಿದ್ಲು — ಶಾಬುದ್ದೀನ ಬರ್ಲಿಲ್ಲೇನು? ಅಲ್ಲಿ ಬಂದ್ ಕುಂತಾವ್ರೆಲ್ಲಾ ಅದ ಕೇಳಿದ್ರು. ನಾ ಏನ್ ಅವನ ಸುದ್ದಿ ಹೇಳಾಕ ಬಂದೇನೇನು?

ಅಮಸಿದ್ದಪ್ಪ ಸಮಾಧಾನ ಮಾಡಿದ. "ನಿಮ್ಮದು ಕೈ ನೋಡೇನ್ರಿ, ಕಿಡಕ್ಯಾಗಿಂದು. ತಾಮ್ರದ ಕಡಗ ಇತ್ತು." ಕೈ ಮುಂದ ಮಾಡಿದ್ನಿ. "ಹಾಂ! ಇದ!" ಅಂತ ಹಿಗ್ಗಿದ. ಕಡಗಕ್ಕ.

ಮಧ್ಯಾಹ್ನದ ಬಸ್ಸಿಗೆ ಕೈ ಮಾಡಿದ್ನಿ. ಮಾರಿ ಮ್ಯಾಲೆ ಧೂಳ ಹಾಕಿ ಹೋತು. ಒದರಿದ್ನಿ, ಬೈದ್ನಿ.

"ನೀವೂ ಒಮ್ಮೊಮ್ಮೆ ಹಂಗ ಹೋಗ್ತಿದ್ರೆಲ್ರಿ" ಅಂದ ಅಮಸಿದ್ದಪ್ಪ.

"ಸೀಟಿ ಹೊಡದ್ರ ನಿಂದ್ರಸ್ತಿದ್ನಿ!"

"ಹೌದ್ರಿ. ಸೀಟಿ ಅಂವ ಹೊಡೀತಿದ್ದ."

ಹಾಲಿನ ಗಾಡ್ಯಾಗ ಕ್ಯಾನಿನ ನಡುವ ಕುಂತು ಅಮೀನಗಡಕ್ಕ ಬಂದ್ನಿ. ಮೈಯೆಲ್ಲಾ ಹುಳಿ ವಾಸನಿ.

ಜುಲೈ 21, ಸೋಮವಾರ

ಮತ್ತ ಹೋದ್ನಿ ಬೇವಿನಗಿಡಕ್ಕ, ನಸುಕಿನ್ಯಾಗ ಹಾಲಿನ ಗಾಡಿ ಹತ್ತಿ. ನೋಡಾಕ ಅಲ್ಲ. ಜಗಳಾ ತಗ್ಯಾಕ.

ಮುಂಜಾನೆ ಬಸ್ಸ ದೂರ ಕಂಡಕೂಡ್ಲೆ ರಸ್ತೇದ ನಟ್ಟನಡುವ ನಿಂತ್ನಿ. ಹಾರ್ನ್. ಸರೀಲಿಲ್ಲ. ಮಾರುದ್ದ ಬಿಟ್ಟು ನಿಂತತು. ಕಿಡಕ್ಯಾಗ ನೋಡಿದ್ರ ಅರ್ಷದ — ನಮ್ಮ ಡಿಪೋದ ಹುಡುಗ, ಈ ರೂಟಿಗೆ ಹೊಸದಾಗಿ ಬಂದಾಗ ನನ್ನ ಬಾಜೂಕ ಕುಂತು ಹಾದಿ ಕಲತಾಂವ.

"ಅಣ್ಣಾರ! ನೀವೇನ್ರಿ! ಗಾಡಿ ಮೈಮ್ಯಾಲೆ ಹೋಗಿದ್ರ?"

"ಹೋಗಿದ್ರ ಹೋಗ್ತಿತ್ತು. ಇಲ್ಲಿ ಯಾಕ ನಿಂದ್ರಸಂಗಿಲ್ಲ?"

"ಗಾಡಿ ಫುಲ್ ಇರ್ತೈತ್ರಿ. ಲೇಟಾದ್ರ ಡಿಪೋದಾಗ ಬೈತಾರ."

"ಲೇಟ್ ಅಂದ್ರೇನು ನನಗ ಕಲಸ್ತಿಯೇನಲೇ? ಮೊದಲ ಅವ್ರನ್ನ ಹತ್ತಿಸ್ಕೋ. ಆಮ್ಯಾಲೆ ಮಾತಾಡು."

ಒಳಗಿನ ಮಂದಿ ಗದ್ದಲಾ ಹಾಕಿದ್ರು. ನಾನೂ ಹಾಕಿದ್ನಿ. ಹುಡಿಗ್ಯಾರು ಹತ್ತಿದ್ರು. ಅವ್ರಾಗ ಅಲ್ಮಾಸ ಅನ್ನೂ ಹುಡಿಗಿ, ಧೈರ್ಯದಾಕಿ, ಬಾಗಲದಾಗಿಂದ ಬಗ್ಗಿ ಕೇಳಿದ್ಲು — "ನಾಳೆನೂ ಬರ್ತೀರೇನ್ರಿ ಅಜ್ಜಾರ?"

ಅಜ್ಜ! ಅರವತ್ತಕ್ಕ!

"ಬರ್ತೇನಿ" ಅಂದಬಿಟ್ನಿ. ಸಿಟ್ಟಿನ್ಯಾಗ.

ಜುಲೈ 30, ಬುಧವಾರ

ದಿನಾ ಹೊಂಟೇನಿ. ಅರ್ಷದ ಈಗ ದೂರದಿಂದ ನನ್ನ ನೋಡಿ ಬ್ರೇಕ್ ಹಾಕ್ತಾನ. ಅವನ ರಜಾ ದಿನಾ ಬರೂ ಇನ್ನೊಬ್ಬ ಮಗ ನಿಂದ್ರಸಂಗಿಲ್ಲ. ನಿನ್ನೆ ಅವನ ಜೋಡಿ ಅಂಗಿ ಹಿಡದು ಜಗಳಾ. ಗುಂಡಿ ಹರೀತು — ನಂದು.

ಈಕಿ ಗುಂಡಿ ಹಚ್ಚಿಕೋತ "ನೌಕರ್ಯಾಗಿದ್ದಾಗ ಇಷ್ಟ ಲಗೂ ಏಳ್ತಿದ್ದಿಲ್ಲ ನೀವು" ಅಂದ್ಲು. ಅಳಿಯಾ ಫೋನ್ ಮಾಡಿದ್ದ. "ಮಾಮಾರ, ರಸ್ತ್ಯಾಗ ನಿಂದ್ರತೀರಂತ? ಮಂದಿ ಏನಂದಾರು?"

"ಟೈಂಪಾಸ್ ರೀ" ಅಂದ್ನಿ. ಇಟ್ಟ ಫೋನ್.

ಪಟ್ಟದಕಲ್ಲು ಅಲ್ಲಿಂದ ನಡದ ಹೋಗೂವಷ್ಟ ಸನೇಕ. ಗುಡಿ ಇನ್ನೂ ನೋಡಿಲ್ಲ. ಪುರಸೊತ್ತ ಎಲ್ಲೈತಿ?

ಆಗಸ್ಟ್ 3, ರವಿವಾರ

ಶಾಬ್ಯಾ ಬಂದಿದ್ದ. ಬಾಗಲದಾಗ ನಿಂತಿದ್ದ. ಈಕಿ ಒಳಗ ಕರದ್ಲು. ನಾ ಕರೀಲಿಲ್ಲ.

"ಅಮಸಿದ್ದಪ್ಪ ಫೋನ್ ಮಾಡಿದ್ದ. ಬಸ್ಸಿಗೆ ಅಡ್ಡ ನಿಂದ್ರತಿ ಅಂತ. ಸಾಯ್ತೀಲೇ ಗಾಳ್ಯಾ."

"ಸತ್ರ ಮಣ್ಣಿಗೆ ಬಾ. ರೂಢಿ ಐತೆಲ್ಲ ನಿನಗ."

ನಗಲಿಲ್ಲ ಅಂವ. ಕಣ್ಣ ಕೆಂಪಾದ್ವು. ನನಗ ತಡಕೊಳ್ಳಾಕ ಆಗ್ಲಿಲ್ಲ. ಒದರಿದ್ನಿ — "ಹತ್ತ ವರ್ಷದಾಗ ಒಂದ ಸಲ ಬ್ಯಾಡ ಅನ್ನಾಕ ಬರ್ತಿದ್ದಿಲ್ಲೇನಲೇ?"

ಅಂವನೂ ಒದರಿದ. ಅಂವ ಒದರಿದ್ದು ನಾ ಕೇಳೇ ಇಲ್ಲ ಇಷ್ಟ ವರ್ಷದಾಗ. "ನಿನಗ ಬರ್ತಿದ್ದಿಲ್ಲೇನು? ಶಾಬ್ಯಾ, ನಿನಗೇನ್ ಬೇಕಲೇ ಅಂತ ಒಂದ ಸಲ?"

ಓಣಿ ಮಂದಿ ಬಾಗಲಕ್ಕ ಬಂದ್ರು. ಈಕಿ ಬಾಗಲಾ ಹಾಕಿದ್ಲು.  ಅದಕ್ಕ ಇನ್ನಷ್ಟ ಸಿಟ್ಟ ಬಂತು.

"ಆತು. ಈಗ ಕೇಳ್ತೇನಿ. ಏನ್ ಬೇಕು ನಿನಗ?"

ಅಂವ ಕಣ್ಣ ಒರಸಿಕೊಂಡ. "ಬಾದಾಮಿ ಸ್ಟ್ಯಾಂಡಿನ್ಯಾಗ ಉಂಡ ಮ್ಯಾಲೆ ಖಾಲಿ ಬಸ್ಸಿನ್ಯಾಗ ಮಲಗ್ತಿದ್ವೆಲ್ಲ. ಒಂದ ಸೀಟಿನ್ಯಾಗ ನೀ, ಬಾಜೂಕಿನ ಸೀಟಿನ್ಯಾಗ ನಾ. ಅಂಥಾ ನಿದ್ದಿ ಮನ್ಯಾಗ ಬರವಲ್ದಲೇ. ರವಿವಾರ ಸಾಲಿ ಸೂಟಿ. ಮಧ್ಯಾಹ್ನ ಒಬ್ಬನ ಹೊಳ್ಳಾಡ್ತೇನಿ."

"ಇಷ್ಟ?"

"ಇಷ್ಟ."

"ಹೋಗಲೇ" ಅಂದ್ನಿ. ಎದ್ದ ಹ್ವಾದ.

ಆಗಸ್ಟ್ 10, ರವಿವಾರ. ಮಧ್ಯಾಹ್ನ, ಇಳಕಲ್ಲ

ಮಾಫಿ ಮಾಡಿಲ್ಲ. ಅದನ್ನ ಮೊದಲ ಬರದಿಡ್ತೇನಿ. ಮಾರ್ಕೆಟ್ಟಿನ್ಯಾಗ ಕೆಲಸ ಇತ್ತು ಅಂತ ಬಂದೇನಿ ಇಳಕಲ್ಲಿಗೆ. ಕೆಲಸ ಏನಂತ ಭಾಭಿ ಕೇಳಲಿಲ್ಲ. ತಾಟ ಹಾಕಿದ್ರು. ಚಲೋ ಉಂಡ್ನಿ. ಶಾಬ್ಯಾನ ಜೋಡಿ ಒಂದ ಮಾತ ಆಡಲಿಲ್ಲ. ಅಂವ ಪಡಸಾಲ್ಯಾಗ ಎರಡ ಚಾಪಿ ಹಾಸಿದ.

ತೆಲಿ ಇಟ್ಟಾಂವನ ಗೊರಕಿ. ನಿದ್ದಿ ಬರವಲ್ದಂತ ಇವಂಗ! ಸುಳ್ಳ ನನ್ನ ಮಗ. ಬಾಯಿ ತಗದಾನ, ನೊಣ ಹೋಗಿ ಬರಾಕತ್ತಾವು.

ನಾ ಮಲಗಂಗಿಲ್ಲ. ಗ್ವಾಡಿಗೆ ಆತು ಕುಂತು ಬರೀತೇನಿ. ಇಂವ ಎದ್ದ ಮ್ಯಾಲೆ ಜಗಳಾ ಬಾಕಿ ಐತಿ. ನಾಳೆ ಬೇವಿನಗಿಡಕ್ಕ ಹೋಗೂದೈತಿ, ಅರ್ಷದನ ರಜಾ, ಆ ಇನ್ನೊಬ್ಬ ಬರ್ತಾನ. ಅವಂಗ ಈ ಸಲ ಏನ್ ಹೇಳೂದಂದ್ರ... ಹೊರಗ ಮೋಡ ಆಗೇತಿ. ಫ್ಯಾನಿನ ಗಾಳಿ ತಂಪ. ಅಕ್ಷರ ಯಾಕೋ ಸೊಟ್ಟ ಬೀಳಾಕತ್ತಾವು. ಅವಂಗ ಹೇಳೂದಂದ್ರ, ಲೇ ತಮ್ಮಾ, ನೀ...